ಸಾವಿರ ಲೀಟರ್ ನೀರಿಗೆ ಬೆಂಗಳೂರಿನಲ್ಲಿ ಯಾರು ಎಷ್ಟು ಕೊಡುತ್ತಿದ್ದಾರೆ?

ಪ್ರಶ್ನೆ: ಜಯನಗರವಾಸಿ

ನಮ್ಮ ಮನೆ ಜಯನಗರದ ಹಳೆಯ ಬ್ಲಾಕೊಂದರಲ್ಲಿದೆ. ಜಲಮಂಡಳಿಯ ಸಂಪರ್ಕ ನಮ್ಮ ತಂದೆಯವರು ಮನೆ ಕಟ್ಟಿಸಿದಾಗಲೇ ಸಿಕ್ಕಿದ್ದು. ಬಿಲ್ಲಿನ ಮೇಲಿನ ಆರ್‌ಆರ್ ಸಂಖ್ಯೆ, ಅಂದರೆ ಸಂಪರ್ಕದ ಗುರುತಿನ ಸಂಖ್ಯೆ, ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ, ಸಂಪು ತುಂಬುತ್ತದೆ, ಮೋಟರ್ ಹಾಕಿದರೆ ಮೇಲಿನ ಟ್ಯಾಂಕು ತುಂಬುತ್ತದೆ. 2014ರ ಪರಿಷ್ಕರಣೆಯಿಂದ 2025ರ ಏಪ್ರಿಲ್‌ವರೆಗೆ ಗೃಹಬಳಕೆಯ ಮೊದಲ 8,000 ಲೀಟರ್‌ವರೆಗೆ ಇದ್ದ ದರ ಸಾವಿರ ಲೀಟರಿಗೆ 7 ರೂಪಾಯಿ, ಅಲ್ಲಿಂದ 25,000 ಲೀಟರ್‌ವರೆಗೆ 11 ರೂಪಾಯಿ. ಒಳಚರಂಡಿ ಮತ್ತು ಮೀಟರ್ ಶುಲ್ಕಗಳನ್ನು ಸೇರಿಸಿದರೂ ನಮ್ಮ ತಿಂಗಳ ನೀರಿನ ಬಿಲ್ಲು, ಮನೆಮಂದಿಯೆಲ್ಲ ಒಂದು ಸಲ ಹೋಟೆಲಿನಲ್ಲಿ ಊಟ ಮಾಡಿದಷ್ಟು ಆಗುತ್ತಿರಲಿಲ್ಲ. ಈಗ ದರ ಏರಿದೆಯಾದರೂ ಕೆಳಗಿನ ಹಂತಗಳಲ್ಲಿ ಆ ಏರಿಕೆ ತೀರ ಸಣ್ಣದು.

ನಮ್ಮ ಮನೆಯಲ್ಲಿ ಕೆಲಸ ಮಾಡುವ ಮಹಿಳೆ ನಗರದ ದಕ್ಷಿಣದ ಅಂಚಿನಲ್ಲಿ ಷೀಟಿನ ಮನೆಯೊಂದರಲ್ಲಿ ಬಾಡಿಗೆಗೆ ಇದ್ದಾರೆ. ಆ ವಠಾರಕ್ಕೆ ಕಾವೇರಿ ಸಂಪರ್ಕವಿಲ್ಲ. ಕುಡಿಯಲು, ಅಡುಗೆ ಮಾಡಲು ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನು ತುಂಬಿಸಿಕೊಳ್ಳುತ್ತಾರೆ. ಉಳಿದ ಬಳಕೆಗೆ ಮಾಲೀಕರ ಬೋರ್‌ವೆಲ್ ನೀರು, ಅದು ಬತ್ತಿದರೆ ವಠಾರದವರೆಲ್ಲ ಹಣ ಹಾಕಿ ತರಿಸುವ ಟ್ಯಾಂಕರ್. ಐದು ರೂಪಾಯಿಗೆ ಇಪ್ಪತ್ತು ಲೀಟರ್ ಎಂದರೆ ಸಾವಿರ ಲೀಟರಿಗೆ 250 ರೂಪಾಯಿ. ನಾನು ಕೊಡುತ್ತಿದ್ದ ಮೊದಲ ಹಂತದ ದರಕ್ಕೆ ಹೋಲಿಸಿದರೆ ಇದು ಮೂವತ್ತೈದು ಪಟ್ಟಿಗೂ ಹೆಚ್ಚು. ಅವರ ಒಂದು ತಿಂಗಳ ಸಂಬಳ ನಮ್ಮ ಮನೆಯ ಆದಾಯದ ಸಣ್ಣದೊಂದು ಪಾಲು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗಿನಿಂದ ನನಗೆ ನೆಮ್ಮದಿಯಿಲ್ಲ.

ಅದೇ ನಗರ, ಅದೇ ನದಿ, ಅದೇ ಸರ್ಕಾರ. ಹೀಗಿರುವಾಗ ಕಡಿಮೆ ಗಳಿಸುವವರು ಹೆಚ್ಚು ಕೊಡುವ ಈ ತಲೆಕೆಳಗಾದ ಲೆಕ್ಕ ಹೇಗೆ ಹುಟ್ಟಿಕೊಂಡಿತು? ನಲ್ಲಿ ಇರುವ ನಮ್ಮಂಥವರಿಗೆ ಇದರಲ್ಲಿ ಏನಾದರೂ ಹೊಣೆ ಇದೆಯೆಂದು ನೀವು ಭಾವಿಸುತ್ತೀರಾ? ಇದ್ದರೆ, ಮನೆಯೊಳಗೆ ಷವರ್ ಬಿಟ್ಟು ಬಕೆಟ್ ಹಿಡಿಯುವುದರ ಆಚೆಗೆ ಆ ಹೊಣೆ ಯಾವುದು? ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ವರ್ತೂರು ಕೆರೆ ದಂಡೆ

ಪ್ರಶ್ನೆ ಕೇಳಿದ್ದಕ್ಕೆ ಧನ್ಯವಾದ. ಹಳೆಯ ಬಡಾವಣೆಯವರೊಬ್ಬರು ಈ ಲೆಕ್ಕವನ್ನು ತಾವಾಗಿ ಹಾಕಿದ್ದನ್ನು ನಾನು ಇದೇ ಮೊದಲು ನೋಡುತ್ತಿರುವುದು. ನಾವು ನಗರದ ಪೂರ್ವದ ಅಂಚಿನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ನಮ್ಮ ಪ್ರದೇಶವೂ ಅದರೊಳಗೆ ಬಂತು. ಅಂದಿನಿಂದ ಆಸ್ತಿ ತೆರಿಗೆ ನಗರದ್ದು, ನೀರು ಮಾತ್ರ ಹಳ್ಳಿಯದ್ದು. ಹಳ್ಳಿಯ ಕೆರೆಯೂ ಕೊಳೆತ ಮೇಲೆ ಅದೂ ಇಲ್ಲ. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ನೀರು ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಈ ಭಾಗದ ಜನ ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ.

2024ರ ಬೇಸಿಗೆಯನ್ನು ಇಲ್ಲಿ ಯಾರೂ ಮರೆತಿಲ್ಲ. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ಆಗ ಹೇಳಿತು. ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿ, ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000 ಎಂದು ಆದೇಶ ಹೊರಡಿಸಿತು. ಆದೇಶದ ಪ್ರತಿ ಎಲ್ಲರ ವಾಟ್ಸಾಪಿನಲ್ಲೂ ಇತ್ತು. ಆ ದರಕ್ಕೆ ಫೋನ್ ಮಾಡಿದರೆ ಟ್ಯಾಂಕರ್ ಮಾತ್ರ ಬರುತ್ತಿರಲಿಲ್ಲ. ಸಂಘದ ಪದಾಧಿಕಾರಿಗಳು ಸರತಿಯಲ್ಲಿ ರಾತ್ರಿ ಎರಡು ಗಂಟೆಯವರೆಗೆ ಗೇಟಿನಲ್ಲಿ ನಿಂತು, ಬಂದ ಟ್ಯಾಂಕರಿನ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ಮಟ್ಟ ನೋಡಿ, ಚಾಲಕ ಹೇಳಿದ ಮೊತ್ತಕ್ಕೆ ಯುಪಿಐ ಮಾಡುತ್ತಿದ್ದರು. ದಿನವಿಡೀ ಕಚೇರಿಯಲ್ಲಿ ದುಡಿದು, ಸಾಲದ ಕಂತು ಕಟ್ಟಿ, ತೆರಿಗೆ ಕಟ್ಟಿ, ಕೊನೆಗೆ ಒಂದು ಟ್ಯಾಂಕರಿಗಾಗಿ ಅಂಗಲಾಚುವ ಸ್ಥಿತಿ ಬಂದಾಗ ಆದ ಅವಮಾನ ಇನ್ನೂ ಹೋಗಿಲ್ಲ.

ಆದರೂ ಇನ್ನೊಂದು ಮಾತನ್ನು ಹೇಳಲೇಬೇಕು. ನಮ್ಮ ಕಟ್ಟಡದಲ್ಲಿ ನೀರು ಕಡಿಮೆಯಾದಾಗ ಮೊದಲು ಬಂದ್ ಆದದ್ದು ಕೆಳ ನೆಲಮಾಳಿಗೆಯಲ್ಲಿರುವ ಕಾವಲುಗಾರರ ಮತ್ತು ಕೆಲಸದವರ ಶೌಚಾಲಯದ ನಲ್ಲಿ. ಯಾರೂ ಕೆಟ್ಟ ಉದ್ದೇಶದಿಂದ ಹಾಗೆ ಮಾಡಲಿಲ್ಲ. ಅದು ಯಾರ ಮನೆಯ ನಲ್ಲಿಯೂ ಅಲ್ಲವಾದ್ದರಿಂದ ಸಭೆಯಲ್ಲಿ ಅದರ ಪರವಾಗಿ ಮಾತನಾಡುವವರು ಇರಲಿಲ್ಲ. ನಿಮ್ಮ ಮುಂದೆ ನಾವು ವಂಚಿತರು, ಅವರ ಮುಂದೆ ನಾವು ಉಳ್ಳವರು. ಟ್ಯಾಂಕರ್ ಮಾಲೀಕನನ್ನು ಬೈಯುವಾಗ ಇರುವ ಸಿಟ್ಟು ಈ ನಲ್ಲಿಯ ವಿಷಯದಲ್ಲಿ ನಮಗೆ ಬರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಉತ್ತರ: ನಿವೃತ್ತ ಸಿವಿಲ್ ಇಂಜಿನಿಯರ್

ಮೊದಲು ಲೆಕ್ಕದ ಬಗ್ಗೆ. ಕ್ಯಾನಿನ ನೀರು ಶುದ್ಧೀಕರಿಸಿದ ಕುಡಿಯುವ ನೀರು. ಸ್ನಾನಕ್ಕೆ, ಬಟ್ಟೆಗೆ ಯಾರೂ ಅದನ್ನು ಬಳಸುವುದಿಲ್ಲ. ಆದ್ದರಿಂದ ಒಂದು ಕುಟುಂಬದ ಪೂರ್ತಿ ನೀರಿನ ಖರ್ಚನ್ನು 250 ರೂಪಾಯಿಯಿಂದ ಗುಣಿಸುವುದು ಸರಿಯಾಗುವುದಿಲ್ಲ. ಟ್ಯಾಂಕರಿನ ದರವನ್ನೇ ಹಿಡಿಯಿರಿ: ಸರ್ಕಾರ ನಿಗದಿ ಮಾಡಿದ್ದೇ ಸಾವಿರ ಲೀಟರಿಗೆ ಸುಮಾರು 83ರಿಂದ 100 ರೂಪಾಯಿ ಬೀಳುತ್ತದೆ, ಅಂದರೆ ಮೊದಲ ಹಂತದ ಹಳೆಯ ನಲ್ಲಿ ದರದ ಹನ್ನೆರಡರಿಂದ ಹದಿನಾಲ್ಕು ಪಟ್ಟು. ಕಾವೇರಿ ನೀರು ಬರುವ ಮನೆಯವರು ಕುಡಿಯುವುದಕ್ಕೂ ಅದೇ ನೀರನ್ನು ಕುದಿಸಿಯೋ ಸೋಸಿಯೋ ಬಳಸುತ್ತಾರಾದ್ದರಿಂದ ಆ ಒಂದು ಬಾಬ್ತಿಗೆ ನಿಮ್ಮ ಹೋಲಿಕೆ ಸರಿಯೇ. ಪಟ್ಟು ಎಷ್ಟೆಂಬುದರಲ್ಲಿ ವಾದವಿರಬಹುದು, ದಿಕ್ಕಿನಲ್ಲಿ ಇಲ್ಲ.

ಇದು ಹೇಗೆ ಹುಟ್ಟಿತು ಎಂಬುದಕ್ಕೆ ಉತ್ತರ ಕೊಳವೆಯ ಚರಿತ್ರೆಯಲ್ಲಿದೆ. ಬೆಂಗಳೂರಿನ ಹತ್ತಿರ ದೊಡ್ಡ ನದಿಯಿಲ್ಲ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂತು. ಅದು ಸಾಲದಾದಾಗ 1974ರಲ್ಲಿ ಕಾವೇರಿ ಮೊದಲ ಹಂತ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ಹೀಗೆ ಮೂರು ಕಡೆ ಪಂಪು ಮಾಡಿ ನೀರನ್ನು ಎತ್ತಬೇಕು. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲು. 7 ರೂಪಾಯಿಗೆ ಸಾವಿರ ಲೀಟರ್ ಎಂದೂ ಅಲ್ಲಿಂದ ಇಲ್ಲಿಗೆ ಬರುವುದಿಲ್ಲ. ಉಳಿದದ್ದನ್ನು ಯಾರೋ ಭರಿಸುತ್ತಾರೆ. ಆ ಯಾರೋ ಎಂದರೆ ರಾಜ್ಯದ ತೆರಿಗೆದಾರರು, ಅಂಗಡಿಯಲ್ಲಿ ಸಾಬೂನು ಕೊಳ್ಳುವಾಗ ಜಿಎಸ್‌ಟಿ ಕೊಡುವ ನಿಮ್ಮ ಮನೆ ಕೆಲಸದ ಮಹಿಳೆಯೂ ಸೇರಿದಂತೆ. ಐದನೇ ಹಂತಕ್ಕೆ ಜಪಾನಿನ ಜೈಕಾ ಸಂಸ್ಥೆಯಿಂದ ತಂದ ಸಾಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಾಗಾಗಿ ಸಹಾಯಧನ ಬಡವರಿಗೆ ಹೋಗುತ್ತದೆ ಎಂಬ ಮಾತು ನೀರಿನ ವಿಷಯದಲ್ಲಿ ಅರ್ಧ ಸತ್ಯ. ಅದು ನಲ್ಲಿಯ ಮೂಲಕ ಹರಿಯುತ್ತದೆ. ನಲ್ಲಿ ಇಲ್ಲದ ಮನೆಗೆ ತಲುಪುವುದಿಲ್ಲ. ದೆಹಲಿಯಲ್ಲಿ 2015ರಿಂದ ತಿಂಗಳಿಗೆ 20,000 ಲೀಟರ್ ಉಚಿತವೆಂದು ಮಾಡಿದಾಗಲೂ ಅದರ ಲಾಭ ಮೀಟರ್ ಇದ್ದ ಮನೆಗಳಿಗೆ ಸಿಕ್ಕಿತು, ಟ್ಯಾಂಕರಿನ ಹಿಂದೆ ಓಡುವವರು ಓಡುತ್ತಲೇ ಇದ್ದರು.

ಇನ್ನೊಂದು ಸಂಗತಿ ಸಾಮಾನ್ಯರಿಗೆ ಗೊತ್ತಿರುವುದಿಲ್ಲ. ಯೋಜನೆ ರೂಪಿಸುವಾಗ ಒಬ್ಬ ವ್ಯಕ್ತಿಗೆ ದಿನಕ್ಕೆ ಎಷ್ಟು ನೀರು ಎಂದು ಕೇಂದ್ರದ ಕೈಪಿಡಿ ಹೇಳುತ್ತದೆ. 1999ರ ಆವೃತ್ತಿಯಲ್ಲಿ ಒಳಚರಂಡಿ ಇರುವ ನಗರಕ್ಕೆ 135 ಲೀಟರ್, ಮಹಾನಗರಕ್ಕೆ 150. ಸಾರ್ವಜನಿಕ ನಲ್ಲಿಯಿಂದ ಹಿಡಿಯುವವರಿಗೆ 40. ಗ್ರಾಮೀಣ ಭಾಗಕ್ಕೆ 2019ರ ಜಲ ಜೀವನ್ ಮಿಷನ್ ಇಟ್ಟುಕೊಂಡ ಗುರಿ 55 ಲೀಟರ್. ನಲ್ಲಿ ಮನೆಯೊಳಗಿದೆಯೋ ಬೀದಿಯಲ್ಲಿದೆಯೋ ಎಂಬುದರ ಮೇಲೆ ಮನುಷ್ಯನ ಅಗತ್ಯವನ್ನೇ ಬೇರೆ ಬೇರೆಯಾಗಿ ಬರೆದಿಟ್ಟು, ನಾವು ಆ ಅಂಕಿಗಳನ್ನು ಹಿಡಿದು ಕೊಳವೆಯ ವ್ಯಾಸ ನಿರ್ಧರಿಸುತ್ತಿದ್ದೆವು. ಬೀದಿಯಿಂದ ಹೊತ್ತು ತರುವವರು ಅದಕ್ಕಿಂತ ಹೆಚ್ಚು ತರಲಾರರು ಎಂಬುದು ಅದರ ಹಿಂದಿನ ತರ್ಕ. ಹೊರಲಾಗದ್ದನ್ನು ಬೇಡದ್ದೆಂದು ಎಣಿಸಿದ ಆ ತರ್ಕವನ್ನು ನಾನು ಒಪ್ಪುವುದಿಲ್ಲ.

ನನ್ನ ಅಭಿಪ್ರಾಯ ಹೀಗಿದೆ. ಮೊದಲ ಹಂತದ ದರವನ್ನು ಮುಟ್ಟಬಾರದು. ತಿಂಗಳಿಗೆ 25,000 ಲೀಟರ್ ಮೀರಿ ಬಳಸುವ ಮನೆಗಳು ನೀರಿನ ನಿಜವಾದ ಬೆಲೆಯನ್ನು ಕೊಡಲಿ. ಹಾಗೆ ಬಂದ ಹೆಚ್ಚುವರಿ ಹಣ ಜಲಮಂಡಳಿಯ ಸಾಮಾನ್ಯ ಖಾತೆಗೆ ಸೇರಿ ಕರಗಿಹೋಗದೆ, ಸಂಪರ್ಕವಿಲ್ಲದ ಬೀದಿಗಳಿಗೆ ಕೊಳವೆ ಹಾಕುವ ಪ್ರತ್ಯೇಕ ನಿಧಿಗೆ ಹೋಗಲಿ.

ಉತ್ತರ: ಕೊಡ ಹೊತ್ತವಳು

ಮೇಲಿನ ಉತ್ತರಗಳೆಲ್ಲ ರೂಪಾಯಿ, ಲೀಟರುಗಳ ಲೆಕ್ಕದಲ್ಲಿವೆ. ನಾನು ನಗರದ ಉತ್ತರದ ಒಂದು ಕಾಲೋನಿಯಲ್ಲಿ ಬೆಳೆದವಳು, ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ತಾಯಿ ಈಗಲೂ ಅಲ್ಲೇ ಇದ್ದಾರೆ. ಈ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ನೀರಿಗಾಗಿ ಕಾಯುವ ಹೊತ್ತು.

ನೀರಿನ ಘಟಕದ ಮುಂದೆ ಬೆಳಿಗ್ಗೆ ಐದಕ್ಕೇ ಖಾಲಿ ಕ್ಯಾನುಗಳ ಸಾಲು ನಿಂತಿರುತ್ತದೆ. ಕ್ಯಾನಿನ ಹೆಗಲಿಗೆ ಪೇಂಟಿನಲ್ಲಿ ಗುರುತು: ಒಬ್ಬರದು ಹಸಿರು ಗೆರೆ, ಇನ್ನೊಬ್ಬರದು ಮಗನ ಹೆಸರಿನ ಮೊದಲ ಅಕ್ಷರ. ಸಾಲಿನಲ್ಲಿ ಕ್ಯಾನು ಇಟ್ಟು ಮನೆಗೆ ಹೋಗಿ ಅನ್ನಕ್ಕೆ ಇಟ್ಟು ಬರುವಷ್ಟರಲ್ಲಿ ಅದನ್ನು ಯಾರಾದರೂ ಹಿಂದಕ್ಕೆ ಸರಿಸಿದ್ದರೆ ಜಗಳ. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ನಾಣ್ಯ ಸವೆದಿದ್ದರೆ ಯಂತ್ರ ಅದನ್ನು ಉಗುಳುತ್ತದೆ, ಆಗ ಪಕ್ಕದ ಅಂಗಡಿಯಲ್ಲಿ ಹೊಸ ನಾಣ್ಯಕ್ಕೆ ಕೇಳಬೇಕು, ಅಂಗಡಿಯವರು ಏನಾದರೂ ಕೊಂಡರೆ ಮಾತ್ರ ಚಿಲ್ಲರೆ ಕೊಡುತ್ತಾರೆ. 2024ರ ಬೇಸಿಗೆಯಲ್ಲಿ ಕೆಲವು ಕಡೆ ಐದು ಇದ್ದದ್ದು ಹತ್ತು ರೂಪಾಯಿ ಆಯಿತು, ಮನೆಗೆ ಒಂದೇ ಕ್ಯಾನು ಎಂಬ ನಿಯಮವೂ ಬಂತು. ಬಳಕೆ ನೀರಿನ ಟ್ಯಾಂಕರ್ ಯಾವ ಹೊತ್ತಿಗೆ ಬರುತ್ತದೆಂದು ಯಾರೂ ಹೇಳುವುದಿಲ್ಲ. ಬಂದಾಗ ಮನೆಯಲ್ಲಿ ಒಬ್ಬರು ಇರಲೇಬೇಕು, ಆ ಒಬ್ಬರು ಯಾವಾಗಲೂ ಹೆಂಗಸೇ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ತಡವಾಗಿ ಬಂದರೆ ಸಂಬಳ ಹಿಡಿಯುತ್ತಿದ್ದರು. ಅವರು ತಡವಾದ ದಿನಗಳಲ್ಲಿ ಹೆಚ್ಚಿನವು ನೀರಿನ ದಿನಗಳೇ. ಆ ಸಂಬಳವನ್ನೂ ನೀರಿನ ಬೆಲೆಗೆ ಸೇರಿಸಿ ಸಾವಿರ ಲೀಟರಿಗೆ ಎಷ್ಟಾಯಿತೆಂದು ದಯವಿಟ್ಟು ಲೆಕ್ಕ ಹಾಕಿ.

ಕಾವೇರಿ ಸಂಪರ್ಕ ತೆಗೆದುಕೊಳ್ಳಬಾರದೇ ಎಂದು ಕೆಲವರು ಸುಲಭವಾಗಿ ಕೇಳುತ್ತಾರೆ. ಸಂಪರ್ಕ ಸಿಗುವುದು ಆಸ್ತಿಯ ದಾಖಲೆ ಇರುವವರ ಹೆಸರಿಗೆ. ವಠಾರದಲ್ಲಿ ಹತ್ತು ಕುಟುಂಬಗಳು ಬಾಡಿಗೆಗೆ ಇದ್ದರೂ ಮಾಲೀಕರಿಗೆ ಬೇಡವೆಂದರೆ ಮುಗಿಯಿತು. ಅವರು ಬೇರೆ ಕಡೆ ವಾಸವಾಗಿರುತ್ತಾರೆ, ಶುಲ್ಕ ಕಟ್ಟುವುದು ಅವರಿಗೆ ನಷ್ಟದ ಬಾಬ್ತು. ಮನೆಗೆ ದಿನಕ್ಕೆ ಎರಡು ಡ್ರಮ್ಮಿಗಿಂತ ಹೆಚ್ಚು ನೀರು ಹಿಡಿಯುವಂತಿಲ್ಲ, ನೆಂಟರು ಬಂದರೆ ತಿಳಿಸಬೇಕು ಎಂಬ ಷರತ್ತುಗಳನ್ನು ಒಪ್ಪಿಯೇ ಅಲ್ಲಿ ಮನೆ ಹಿಡಿಯುವುದು. ಹೆರಿಗೆಗೆ ಬಂದ ಮಗಳಿಗೆ ಬಿಸಿನೀರು ಕಾಯಿಸಲು ಪಕ್ಕದ ಮನೆಯವರಲ್ಲಿ ಅರ್ಧ ಬಿಂದಿಗೆ ಕಡ ಕೇಳಿದ ತಾಯಂದಿರನ್ನು ನಾನು ಬಲ್ಲೆ.

ಆ ಬೇಸಿಗೆಯಲ್ಲಿ ಕಾರು ತೊಳೆಯಲು, ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದಾಗ ನಮ್ಮ ಕಾಲೋನಿಯಲ್ಲಿ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ, ತೊಳೆಯಲು ಕಾರೂ ಇಲ್ಲ, ನೆನೆಸಲು ತೋಟವೂ ಇಲ್ಲ. ಆದರೆ ನೀರು ಉಳಿಸಿ ಎಂಬ ಭಿತ್ತಿಪತ್ರವನ್ನು ನಮ್ಮ ಘಟಕದ ಗೋಡೆಗೂ ಅಂಟಿಸಿದರು. ಅಕ್ಕಿ ತೊಳೆದ ನೀರನ್ನು ಪಾತ್ರೆಗೆ, ಪಾತ್ರೆಯ ನೀರನ್ನು ಶೌಚಕ್ಕೆ ಬಳಸುವವರ ಕಣ್ಣೆದುರು ಅದು ಇತ್ತು.

ಹೊಣೆ ಏನು ಎಂದು ನೀವು ಕೇಳಿದ್ದೀರಿ. ನಿಮ್ಮ ಮನೆಗೆ ಬರುವವರು ಟ್ಯಾಂಕರಿನ ದಿನ ತಡವಾಗಿ ಬಂದರೆ ಸಂಬಳ ಹಿಡಿಯಬೇಡಿ, ಹೋಗುವಾಗ ಎರಡು ಬಾಟಲಿ ತುಂಬಿಸಿಕೊಂಡರೆ ಅದನ್ನು ಉಪಕಾರವೆಂದು ಎಣಿಸಬೇಡಿ. ಇದು ಇಂದೇ ಮಾಡಬಹುದಾದದ್ದು. ಇದರಿಂದ ಕೊಳವೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಕೊಳವೆ ಬರಬೇಕಾದರೆ ಬಾಡಿಗೆದಾರರೂ ಅರ್ಜಿ ಹಾಕುವಂತಾಗಬೇಕು. ಆಸ್ತಿ ಯಾರದು ಎಂದು ಕೇಳುವ ಮೊದಲು ಅಲ್ಲಿ ಯಾರು ವಾಸವಾಗಿದ್ದಾರೆ ಎಂದು ಕೇಳಬೇಕು. ಇದನ್ನು ನಮ್ಮವರು ಕೇಳಿದರೆ ಕಚೇರಿಯ ಹೊರಗೇ ನಿಲ್ಲಿಸುತ್ತಾರೆ. ಆರ್‌ಆರ್ ಸಂಖ್ಯೆ ಇರುವ ನೀವು ಕೇಳಿದರೆ ಕುರ್ಚಿ ಕೊಟ್ಟು ಕೇಳಿಸಿಕೊಳ್ಳುತ್ತಾರೆ.

ಉತ್ತರ: ಕೋಲಾರದಿಂದ

ಒಂದು ಸಣ್ಣ ಸೇರ್ಪಡೆ. ಬೆಂಗಳೂರಿನಲ್ಲಿ ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಈ ಲೆಕ್ಕದ ಭಾಗ. ಕೋರಮಂಗಲ ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ದಶಕಗಳ ಬರದಲ್ಲಿ ಕೊಳವೆಬಾವಿಗಳನ್ನು ಸಾವಿರ ಅಡಿಗಿಂತ ಆಳಕ್ಕೆ ಕೊರೆಸಿ ಸೋತಿದ್ದ ನಮ್ಮ ಎಷ್ಟೋ ರೈತರಿಗೆ ಅದರಿಂದ ಅಂತರ್ಜಲ ಏರಿ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತದ ಸಂಸ್ಕರಣೆಯೂ ಆಗಬೇಕು ಎಂದು ಇಲ್ಲಿಯ ಹೋರಾಟಗಾರರು ಬೀದಿಯಲ್ಲೂ ನ್ಯಾಯಾಲಯದಲ್ಲೂ ವರ್ಷಗಟ್ಟಲೆ ಕೇಳುತ್ತಲೇ ಇದ್ದಾರೆ. ನದಿಯ ನೀರು ನೂರು ಕಿಲೋಮೀಟರ್ ಏರಿ ಬರಲು ಹಣವಿರುವ ವ್ಯವಸ್ಥೆಗೆ, ಅದೇ ನೀರು ಪಕ್ಕದ ಜಿಲ್ಲೆಗೆ ತಲುಪುವ ಮುನ್ನ ಪೂರ್ತಿ ಶುದ್ಧವಾಗಲು ಹಣವಿಲ್ಲ ಎನ್ನುವುದನ್ನು ನಾವು ನಂಬುವುದಾದರೂ ಹೇಗೆ? ಮೇಲಿನ ಹಂತದ ದರ ಏರಿಸಬೇಕೆಂದು ಇಂಜಿನಿಯರ್ ಅವರು ಹೇಳಿದ್ದಾರೆ. ಹಾಗೆ ಏರಿಸಿದ ಹಣದಲ್ಲಿ ಒಂದು ಪಾಲು ಈ ಶುದ್ಧೀಕರಣಕ್ಕೂ ಮೀಸಲಾಗಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಜಯನಗರವಾಸಿ

ಎಲ್ಲರಿಗೂ ಕೃತಜ್ಞತೆಗಳು. ಬಾಡಿಗೆದಾರರ ಅರ್ಜಿಯ ವಿಷಯ ನನಗೆ ಹೊಳೆದಿರಲಿಲ್ಲ. ಅದನ್ನೇ ಮೊದಲು ಹಿಡಿಯಬೇಕೆಂದು ತೋರುತ್ತದೆ. ಜಲಮಂಡಳಿ ನಡೆಸುವ ನೀರಿನ ಅದಾಲತ್‌ಗಳು ಹೆಚ್ಚಾಗಿ ಬಿಲ್ಲಿನ ದೂರು, ಸಂಪರ್ಕದ ವಿಳಂಬಗಳ ಸುತ್ತ ನಡೆಯುತ್ತವೆ, ಅಂದರೆ ಸಂಪರ್ಕ ಇರುವವರ ಅಥವಾ ಪಡೆಯಬಲ್ಲವರ ಅಹವಾಲುಗಳು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ವಾರ್ಡಿಗೆ ಕಾರ್ಪೊರೇಟರೇ ಇಲ್ಲದಂತಾಯಿತು. ಶಾಸಕರ ಕಚೇರಿಯವರೆಗೆ ಹೋಗಲಾಗದವರಿಗೆ ಹೇಳಿಕೊಳ್ಳಲು ಇದ್ದ ಹತ್ತಿರದ ಬಾಗಿಲು ಅದೊಂದೇ. 2025ರಲ್ಲಿ ಪಾಲಿಕೆ ಐದಾಗಿ ಹಂಚಿಹೋದರೂ ನೀರು ಮಾತ್ರ ಒಂದೇ ಮಂಡಳಿಯ ಕೈಯಲ್ಲಿದೆ, ಆದ್ದರಿಂದ ಕೇಳಬೇಕಾದ ಜಾಗದ ಬಗ್ಗೆ ಗೊಂದಲವಿಲ್ಲ.

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಎರಡು ವಿಷಯ ಇಡುತ್ತೇನೆ. ವಾಸದ ಪುರಾವೆ ಇರುವ ಬಾಡಿಗೆದಾರರ ಗುಂಪಿಗೆ ಮಾಲೀಕರ ಒಪ್ಪಿಗೆಗೆ ಕಾಯದೆ ಮೀಟರ್ ಸಹಿತ ಸಾಮೂಹಿಕ ನಲ್ಲಿ ಕೊಡಬೇಕೆಂದು ಸಂಘದ ಹೆಸರಿನಲ್ಲಿ ಮಂಡಳಿಗೆ ಮನವಿ ಸಲ್ಲಿಸುವುದು ಒಂದು. 25,000 ಲೀಟರ್ ಮೀರಿದ ಬಳಕೆಗೆ ದರ ಏರಿಸಲು ನಮ್ಮ ವಿರೋಧವಿಲ್ಲ, ಆದರೆ ಆ ಹಣ ಎಲ್ಲಿಗೆ ಹೋಯಿತೆಂದು ವರ್ಷಕ್ಕೊಮ್ಮೆ ಪ್ರಕಟಿಸಬೇಕು ಎಂದು ಬರೆದು ತಿಳಿಸುವುದು ಇನ್ನೊಂದು. ಎರಡನೆಯದಕ್ಕೆ ನಮ್ಮಲ್ಲೇ ವಿರೋಧ ಬರುವುದು ಖಚಿತ. ನಮ್ಮ ಬೀದಿಯಲ್ಲಿ ಆ ಮಿತಿ ಮೀರುವ ಮನೆಗಳು ಸಾಕಷ್ಟಿವೆ.

‘ಕೊಡ ಹೊತ್ತವಳು’ ಅವರಲ್ಲಿ ಒಂದು ಕೋರಿಕೆ. ಮನವಿಯ ಕರಡನ್ನು ಕಳುಹಿಸಿದರೆ ನಿಮ್ಮ ಕಾಲೋನಿಯ ಹೆಂಗಸರಿಗೆ ಓದಿ ಹೇಳಿ, ಅವರು ಬದಲಿಸಬೇಕೆಂದ ಕಡೆ ಬದಲಿಸಿ ಕೊಡುತ್ತೀರಾ? ಅವರು ನೋಡದೆ ಅದನ್ನು ಸಲ್ಲಿಸಲು ನನಗೆ ಮನಸ್ಸಿಲ್ಲ.

ಉತ್ತರ: ಕೊಡ ಹೊತ್ತವಳು

ಕಳುಹಿಸಿ, ಓದಿ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ಮೂರರ ಮೇಲಾದರೆ ಹೆಚ್ಚು ಜನ ಸಿಗುತ್ತಾರೆ. ಈಗಲೇ ಒಂದು ತಿದ್ದುಪಡಿ: ಸಾಮೂಹಿಕ ನಲ್ಲಿ ಎಂದಷ್ಟೇ ಬರೆಯಬೇಡಿ. ನೀರು ಬಿಡುವ ದಿನ ಮತ್ತು ಗಂಟೆಯನ್ನು ಮೊದಲೇ ತಿಳಿಸಿ ಅದರಂತೆ ಬಿಡಬೇಕು ಎಂದೂ ಸೇರಿಸಿ. ಗಂಟೆ ಗೊತ್ತಿಲ್ಲದ ನಲ್ಲಿ ಬಂದರೆ ಅಮ್ಮನಂಥವರು ಈಗಿನಂತೆಯೇ ಕೆಲಸ ಬಿಟ್ಟು ಕಾಯಬೇಕಾಗುತ್ತದೆ.